ಮಲಗಿಸುವ ಕ್ರಮ, ಎಬ್ಬಿಸುವ ಕ್ರಮ

ಮಾರ್ಚ್ 3, ಸೋಮವಾರ

ಪಾತ್ರೆ ತೊಳೆಯುವಾಗ ನಾನು ಒಬ್ಬಳೇ ಮಾತಾಡಿಕೊಳ್ಳುತ್ತೇನಂತೆ. "ಆ ಬಾಣಲೆಗೆ ಹೇಳೋದನ್ನ ಪುಸ್ತಕದಲ್ಲಾದ್ರೂ ಬರಿಯೇ, ಬಾಣಲೆ ಸವೆದುಹೋಗ್ತಿದೆ" ಅಂತ ನಮ್ಮ ಯಜಮಾನರು ಅಂಗಡಿಯಿಂದ ಬರುವಾಗ ಇದನ್ನು ತಂದು ಮೇಜಿನ ಮೇಲಿಟ್ಟರು. ಅವರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಮುಖಪುಟದ ಮೇಲೆ ಆಗಲೇ ಎಣ್ಣೆಯ ಹೆಬ್ಬೆರಳ ಗುರುತು ಬಿದ್ದಿದೆ.

ಬರೆಯುವುದಕ್ಕೆ ವಿಷಯವೂ ಇವತ್ತೇ ಸಿಕ್ಕಿತು. ನಿರ್ದೇಶಕರು ನಮ್ಮನ್ನೆಲ್ಲ ಕೂರಿಸಿ, ಏಪ್ರಿಲ್ ಆರರ ಭಾನುವಾರ ಬೆಳಿಗ್ಗೆ ಸರ್ವರ್‌ಗಳನ್ನೆಲ್ಲ ಹೊಸ ಕಟ್ಟಡಕ್ಕೆ ಸಾಗಿಸುವುದೆಂದು ಹೇಳಿದರು. ನಮ್ಮದು ಊರಿನ ಆಂಬುಲೆನ್ಸ್ ಕರೆ ಕೇಂದ್ರ. ಯಾರಾದರೂ ಫೋನ್ ಮಾಡಿದರೆ ಹತ್ತಿರದ ಗಾಡಿಯನ್ನು ಹುಡುಕಿ ಕಳಿಸಬೇಕು. ಆ ಹುಡುಕುವ, ಕಳಿಸುವ ಸಾಫ್ಟ್‌ವೇರನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಎಲ್ಲವನ್ನೂ ಒಂದೊಂದಾಗಿ ಆರಿಸಿ ಮಲಗಿಸಿ, ಹೊತ್ತುಕೊಂಡು ಹೋಗಿ, ಮತ್ತೆ ಒಂದೊಂದಾಗಿ ಎಬ್ಬಿಸಬೇಕು.

"ಕ್ರಮ ಎಲ್ಲಾದ್ರೂ ಬರೆದಿಟ್ಟಿದ್ದೀರಾ?" ಎಂದು ಕೇಳಿದರು.

"ತಲೇಲಿದೆ ಸಾರ್" ಅಂದೆ.

ಅರ್ಧ ನಿಜ. ಮಲಗಿಸುವುದು ತಲೆಯಲ್ಲಿದೆ. ಎಬ್ಬಿಸುವುದು ಗೊತ್ತಿದ್ದದ್ದು ನನಗಿಂತ ಮುಂಚೆ ಇದ್ದವರಿಗೆ. ಅವರು ಈಗ ನಿವೃತ್ತರು. ಅವರನ್ನು ಕೇಳುವ ಅಗತ್ಯವಿಲ್ಲ. ಐದು ವಾರ ಸಮಯವಿದೆ, ನಾನೇ ಕಂಡುಕೊಳ್ಳುತ್ತೇನೆ.

ಮಾರ್ಚ್ 5, ಬುಧವಾರ

ಇರುವುದು ಆರು ಪ್ರೋಗ್ರಾಂ. ಎಲ್ಲಕ್ಕೂ ಕೆಳಗೆ ಡೇಟಾಬೇಸ್. ಅದರ ಮೇಲೆ ವಿಳಾಸ ಹುಡುಕುವ ನಕ್ಷೆ. ಆಮೇಲೆ ಗಾಡಿಗಳ ಜತೆ ಮಾತಾಡುವ ಸಂದೇಶ. ಯಾವ ಗಾಡಿ ಎಲ್ಲಿಗೆ ಅಂತ ತೀರ್ಮಾನಿಸುವುದು ಹಂಚಿಕೆ. ಅದರ ಮೇಲೆ ಕರೆ ತೆಗೆದುಕೊಳ್ಳುವ ಪರದೆ, ಎಲ್ಲಕ್ಕಿಂತ ಮೇಲೆ ತಿಂಗಳ ವರದಿ. ಮಲಗಿಸುವಾಗ ಮೇಲಿಂದ ಕೆಳಕ್ಕೆ ಬರಬೇಕು. ಇಲ್ಲದಿದ್ದರೆ ಮೇಲಿನದು ಕೆಳಗಿನದನ್ನು ಕೇಳುತ್ತಲೇ ಇರುತ್ತದೆ, ಉತ್ತರ ಬರುವುದಿಲ್ಲ, ಕೊನೆಗೆ ಗಂಟಲು ಕಟ್ಟಿಕೊಂಡು ಬಿದ್ದುಹೋಗುತ್ತದೆ.

ವರದಿ ವಿಭಾಗದ ಮೇಡಂಗೆ ಇದನ್ನು ವಿವರಿಸಿದೆ. ಸಾಗಿಸುವ ದಿನ ನನ್ನ ಜತೆ ಸಹಾಯಕ್ಕೆ ಅವರೇ ಇರಬೇಕಂತೆ. "ಮೊದಲು ಮಲಗೋದೂ ನಾವೇ, ಕೊನೆಗೆ ಏಳೋದೂ ನಾವೇನಾ? ನಮ್ಮನೇಲಿ ನನಗೆ ಈ ಭಾಗ್ಯ ಇಲ್ವಲ್ಲ ಮೇಡಂ!" ಎಂದು ನಕ್ಕರು. ಒಳ್ಳೆಯ ಹೆಂಗಸು, ಆದರೆ ಪ್ರಶ್ನೆ ಜಾಸ್ತಿ. ಪ್ರತಿಯೊಂದಕ್ಕೂ "ಯಾಕೆ?" ಅನ್ನುತ್ತಾರೆ. ಹೇಳಿಕೊಡುವುದಕ್ಕಿಂತ ನಾನೇ ಮಾಡಿ ಮುಗಿಸುವುದು ಬೇಗ.

ಕರೆ ತೆಗೆದುಕೊಳ್ಳುವವರ ಮೇಲ್ವಿಚಾರಕನನ್ನು ನಾವೆಲ್ಲ ರೇಡಿಯೋ ಅನ್ನುತ್ತೇವೆ, ಆಫ್ ಮಾಡುವ ಗುಂಡಿ ಇಲ್ಲದ್ದಕ್ಕೆ. ಊಟದ ಹೊತ್ತಲ್ಲಿ ಅವನು ಎಲ್ಲರ ಮುಂದೆ, "ಇರಿ ಸಾರ್‌ನ ಒಂದ್ಸಲ ಕೇಳ್ಬಿಡಿ ಮೇಡಂ, ಎರಡು ನಿಮಿಷದ ಕೆಲಸ" ಅಂದ.

"ಅವರ ನಂಬರ್ ಇಲ್ಲ" ಅಂದೆ. ಇದೆ.

ಇರಿ ಸಾರ್ ಅನ್ನುವುದು ನನಗಿಂತ ಮುಂಚೆ ಇದ್ದವರ ಅಡ್ಡಹೆಸರು. ಏನು ಕೇಳಿದರೂ "ಇರಿ, ಇರಿ" ಅನ್ನುತ್ತಿದ್ದರು. ಅವರಿಗೆ ಚಾಕು ಬೇಡ, ಬಾಯಲ್ಲೇ ಇರಿಯುತ್ತಾರೆ ಅಂತ ನಾವು ಹಿಂದಿನಿಂದ ನಗುತ್ತಿದ್ದೆವು.

ಮಾರ್ಚ್ 11, ಮಂಗಳವಾರ

ತಾಲೀಮಿಗೆಂದೇ ಇಟ್ಟ ಬೇರೆ ಯಂತ್ರಗಳ ಮೇಲೆ ಮಲಗಿಸುವ ತಾಲೀಮು ನಡೆಯಿತು. ಕರೆಯ ಪರದೆಯದೇ ನಾಜೂಕು. ತಟ್ಟನೆ ಆರಿಸುವಂತಿಲ್ಲ. ಹೊಸ ಕರೆ ತೆಗೆದುಕೊಳ್ಳಬೇಡ, ಕೈಯಲ್ಲಿರುವುದನ್ನು ಮುಗಿಸು, ಆಮೇಲೆ ಮಲಗು ಅಂತ ಹೇಳಬೇಕು. ಹೊಸ ಕರೆಗಳು ಅಷ್ಟರಲ್ಲಿ ಕಾಗದದ ಚೀಟಿಯ ಮೇಜಿಗೆ ಹೋಗುತ್ತವೆ.

ತಾಲೀಮಿನಲ್ಲಿ ರೋಗಿಯಾಗಿ ಕರೆ ಮಾಡಿದ್ದು ರೇಡಿಯೋ. ಫೋನ್ ಇಡಲೇ ಇಲ್ಲ. ಎದೆನೋವಿನಿಂದ ಶುರುಮಾಡಿ ಮನೆಯ ಸೋರುವ ನಲ್ಲಿಯವರೆಗೂ ಬಂದ. ಪರದೆ ಪಾಪ, ಒಂಬತ್ತು ನಿಮಿಷ ಕಾದು ಕುಳಿತಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಾಳೆ ಎಬ್ಬಿಸುವುದು.

ಮಾರ್ಚ್ 12, ಬುಧವಾರ

ಕೆಳಗಿನಿಂದ ಮೇಲಕ್ಕೆ, ಒಂದರ ಹಿಂದೊಂದು ಎಬ್ಬಿಸಿದೆ. ಆರೂ ಹಸಿರು. ನಿರ್ದೇಶಕರು ಹಿಂದೆ ನಿಂತಿದ್ದವರು ಚಪ್ಪಾಳೆ ತಟ್ಟಿದರು.

ಪರದೆಯ ಮೇಲೆ ಏಳನೇ ನಂಬರಿನ ಗಾಡಿ ನದಿ ಸೇತುವೆಯ ಹತ್ತಿರ ನಿಂತಿತ್ತು. ತಾಲೀಮಿನಲ್ಲೂ ಗಾಡಿಗಳ ಜಾಗ ಮಾತ್ರ ನಿಜವಾದದ್ದೇ ಬರುತ್ತದೆ. ಸುಮ್ಮನೆ ಕಿಟಕಿಯಿಂದ ಕೆಳಗೆ ನೋಡಿದೆ. ಏಳನೇ ನಂಬರಿನ ಗಾಡಿ ನಮ್ಮ ಅಂಗಳದಲ್ಲೇ ನಿಂತಿತ್ತು. ಡ್ರೈವರ್ ಬಾನೆಟ್ ಒರಗಿಕೊಂಡು ಕಾಫಿ ಕುಡಿಯುತ್ತಿದ್ದ.

ಯಾರಿಗೂ ಹೇಳಲಿಲ್ಲ.

ಮಾರ್ಚ್ 13

ತಲೆನೋವು. ರಜೆ ಹಾಕಿದೆ.

ಮಾರ್ಚ್ 17, ಸೋಮವಾರ

ಐದು ಸಲ ಎಬ್ಬಿಸಿದೆ. ಮೂರು ಸಲ ಗಾಡಿಗಳೆಲ್ಲ ಸರಿಯಾದ ಜಾಗದಲ್ಲಿದ್ದವು, ಎರಡು ಸಲ ಅರ್ಧಕ್ಕರ್ಧ ತಪ್ಪು ಜಾಗದಲ್ಲಿ. ಯಾಕೆಂದು ತಿಳಿಯದು. ಇದನ್ನು ಬರೆದುಕೊಟ್ಟ ಕಂಪನಿ ಮುಚ್ಚಿ ವರ್ಷಗಳಾದವು.

"ಎಲ್ಲಾ ಹಸಿರು ಇದೆಯಲ್ಲಮ್ಮ, ಇನ್ನೇನು?" ಅಂದರು ನಿರ್ದೇಶಕರು. ವರದಿ ಮೇಡಂ ಮಾತ್ರ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿ, "ಎರಡು ವರ್ಷದ ಹಿಂದೆ ಆಗಿದ್ದು ಹೀಗೇನಾ ಮೇಡಂ?" ಅಂದರು.

ಹೌದು, ಹೀಗೇ. ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ.

ಅವತ್ತು ಮಧ್ಯಾಹ್ನ ಕರೆಂಟು ಹೋಯಿತು, ಜನರೇಟರ್ ಏಳಲಿಲ್ಲ, ಬ್ಯಾಟರಿಗಳೂ ಕೈಕೊಟ್ಟವು. ಆರೂ ಬಿದ್ದುಹೋದವು. ಕರೆಂಟು ಬಂದ ಮೇಲೆ ಇರಿ ಸಾರ್ ಕೆಳಗಿನ ಮೂರನ್ನು ಎಬ್ಬಿಸಿ, ಜನರೇಟರ್ ಮತ್ತೆ ಕೈಕೊಡದಂತೆ ನೋಡಿ ಬರಲು ಶೆಡ್ಡಿಗೆ ಇಳಿದರು. "ನಾನು ಬರೋ ತನಕ ಹಂಚಿಕೆ ಎಬ್ಬಿಸ್ಬೇಡಿ, ಇರಿ" ಎಂದು ಹೇಳಿಯೇ ಹೋದರು. ನಿರ್ದೇಶಕರು ನಿಮಿಷಕ್ಕೊಂದು ಸಲ ಫೋನ್ ಮಾಡುತ್ತಿದ್ದರು. ಹೊರಗೆ ಚೀಟಿಗಳು ಗುಡ್ಡೆಯಾಗುತ್ತಿದ್ದವು. ಮೂರೂ ಹಸಿರಿದ್ದವು. ಎಬ್ಬಿಸಲಾಯಿತು. ಹನ್ನೊಂದು ನಿಮಿಷ ಗಾಡಿಗಳು ತಪ್ಪು ಲೆಕ್ಕದಲ್ಲಿ ಓಡಿದವು. ಮೆಟ್ಟಿಲಿನಿಂದ ಬಿದ್ದ ಒಬ್ಬ ಅಜ್ಜಿಗೆ ಊರಿನ ಆ ತುದಿಯಿಂದ ಗಾಡಿ ಹೋಯಿತು. ನಲವತ್ತು ನಿಮಿಷ ಮೆಟ್ಟಿಲ ಮೇಲೆಯೇ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಜೀವಕ್ಕೇನೂ ಆಗಲಿಲ್ಲ.

ನಾನಲ್ಲದೆ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ವಿಚಾರಣೆಯಲ್ಲಿ ಇರಿ ಸಾರ್ ತಾವಾಗಿಯೇ "ಕ್ರಮ ತಪ್ಪಿದ್ದು ನನ್ನಿಂದ" ಅಂದರು. ನಾನು ಹಾಗೆ ಹೇಳಿ ಅಂತ ಕೇಳಿರಲಿಲ್ಲ. ಇಬ್ಬರದೂ ಒಂದೇ ಲಾಗಿನ್ ಆದ್ದರಿಂದ ಯಂತ್ರಕ್ಕೂ ಗೊತ್ತಿರಲಿಲ್ಲ.

ಅವರು ಆಮೇಲೆ ಅದನ್ನು ಹೇಗೆ ಸರಿಮಾಡಿದರು ಅಂತ ನಾನು ಕೇಳಲಿಲ್ಲ. ಕೇಳುವುದಕ್ಕೆ ಆಗುತ್ತಿರಲಿಲ್ಲ.

ಮಾರ್ಚ್ 22, ಶನಿವಾರ

ಯಜಮಾನರು ವರಾಂಡದಲ್ಲಿ ಒಂದು ಹಳೆಯ ಯಂತ್ರ ಬಿಚ್ಚಿಕೊಂಡು ಕುಳಿತಿದ್ದರು. ಯಾರೋ ಮೊದಲೇ ಬಿಚ್ಚಿ ಕೆಡಿಸಿದ್ದಂತೆ. "ಏನು ಕೆಟ್ಟಿದೆ ಅಂತ ನಾನು ಗಿರಾಕೀನ ಕೇಳೋದೇ ಇಲ್ಲ. ಕೊನೇಲಿ ಬಿಚ್ಚಿದ್ದು ಯಾರು ಅಂತ ಕೇಳ್ತೀನಿ" ಅಂದರು. ಆಮೇಲೆ ತಲೆಯೆತ್ತದೆಯೇ, "ನಿಮ್ಮ ಇರಿ ಸಾರ್ ಹತ್ರ ಹೋಗಿ ಬಾರೇ. ಎರಡು ವಾರದಿಂದ ನೀನು ಸರಿಯಾಗಿ ತುತ್ತು ಇಳಿಸ್ತಿಲ್ಲ" ಅಂದರು.

"ಅದು ಹೇಗ್ರೀ ಹೋಗ್ಲಿ? ಸಂಕೋಚ ಆಗುತ್ತೆ."

"ತಪ್ಪು ಮಾಡಿದ್ದು ಅವರು. ಸಂಕೋಚ ಆದ್ರೆ ಅವರಿಗಾಗ್ಬೇಕು. ನಿನಗ್ಯಾಕೆ?"

ನಾನು ಒಳಗೆ ಹೋಗಿ ಒಲೆ ಆರಿಸಿದೆ. ಆರಿಸಿದ ಮೇಲೆ ಗೊತ್ತಾಯಿತು, ಒಲೆ ಹಚ್ಚಿಯೇ ಇರಲಿಲ್ಲ.

ಮಾರ್ಚ್ 23, ಭಾನುವಾರ

ಹೋಗಿಬಂದೆ.

ಎರಡನೇ ಮಹಡಿ. ಬಾಗಿಲು ತೆಗೆದದ್ದು ಅವರ ಹೆಂಡತಿ. ಗುರುತು ಹಿಡಿದರು. "ಎರಡು ವರ್ಷ ಬೇಕಾಯ್ತಾ ದಾರಿ ಗೊತ್ತಾಗೋಕೆ?" ಅಂದರು. ಒಳಗೆ ಬನ್ನಿ ಅನ್ನಲಿಲ್ಲ, ಆದರೆ ಬಾಗಿಲು ತೆಗೆದೇ ಇಟ್ಟು ಹೋದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅವರು ಊಟದ ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದರು. ಸಣ್ಣಗಾಗಿದ್ದಾರೆ. ನಾನು ವಿಷಯ ಹೇಳಿದೆ. ಕೇಳುತ್ತ ಒಂದು ಹಿಡಿ ಕಾಯನ್ನು ನನ್ನ ಕಡೆಗೂ ಸರಿಸಿದರು. ಇಬ್ಬರೂ ಸುಲಿದೆವು.

"ಸಂದೇಶ ಎದ್ದ ತಕ್ಷಣ ಹಸಿರು ತೋರಿಸುತ್ತೆ" ಅಂದರು. "ಅದು ಎದ್ದಿದೆ ಅಂತ ಅಷ್ಟೇ. ಗಾಡಿಗಳ ಜತೆ ಇನ್ನೂ ಮಾತೇ ಆಡಿರಲ್ಲ. ಆಗಲೇ ನೀವು ಹಂಚಿಕೆ ಎಬ್ಬಿಸಿದ್ರೆ ಅದು ಗಾಡಿ ಎಲ್ಲಿದೆ ಅಂತ ಕೇಳುತ್ತೆ. ಉತ್ತರ ಬರಲಿಲ್ಲ ಅಂದ್ರೆ ಡೇಟಾಬೇಸಲ್ಲಿರೋ ಹಳೇ ಜಾಗಾನೇ ನಿಜ ಅಂದ್ಕೊಂಡು ಕೂತುಬಿಡುತ್ತೆ. ಮತ್ತೆ ಕೇಳಲ್ಲ."

"ಹಾಗಾದ್ರೆ ನೀವು ಹೇಗೆ..."

"ಎಣಿಸ್ತಿದ್ದೆ. ಸಂದೇಶದ ದಾಖಲೇಲಿ ಒಂದೊಂದು ಗಾಡಿ ಉತ್ತರ ಕೊಟ್ಟಾಗ ಒಂದೊಂದು ಸಾಲು ಬೀಳುತ್ತೆ. ಮೂವತ್ತನಾಲ್ಕು ಸಾಲು ಆಗೋ ತನಕ ಕಾಯ್ತಿದ್ದೆ. ಒಂದೊಂದ್ಸಲ ಎರಡು ನಿಮಿಷ, ಒಂದೊಂದ್ಸಲ ಹತ್ತು. ಎಲ್ಲೂ ಬರೆದಿಡಲಿಲ್ಲ ನೋಡಿ, ಅದು ನನ್ನ ತಪ್ಪೇ."

ಇಷ್ಟೇ. ಮೂರು ವಾರ ನಾನು ತಲೆ ಚಚ್ಚಿಕೊಂಡದ್ದು ಇಷ್ಟಕ್ಕೆ.

ಎದ್ದು ಬರಬಹುದಿತ್ತು. ಯಾಕೋ ಕೇಳಿಬಿಟ್ಟೆ. "ವಿಚಾರಣೇಲಿ ಯಾಕೆ ಸಾರ್ ಹಾಗೆ ಹೇಳಿದ್ರಿ?"

ಅವರು ಒಂದು ಸಿಪ್ಪೆಯನ್ನು ನಾಲ್ಕು ಚೂರು ಮಾಡಿದರು. "ಮೇಲಿನವನು ನಾನು. ನಾನಲ್ಲಿ ಇರ್ಬೇಕಿತ್ತು, ಇರಲಿಲ್ಲ. ಅದಕ್ಕೆ ಹೇಳಿದೆ." ಇನ್ನೊಂದು ಕಾಯಿ ಎತ್ತಿಕೊಂಡು, "ನೀವೂ ಎದ್ದು ಹೇಳ್ತೀರಿ ಅಂದ್ಕೊಂಡಿದ್ದೆ. ಅವತ್ತಲ್ಲದಿದ್ರೆ ಮಾರನೇ ದಿನ. ಒಂದು ವಾರ ಕಾದೆ. ಆಮೇಲೆ ಕಾಯೋದು ಬಿಟ್ಟೆ" ಅಂದರು.

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅವರ ಹೆಂಡತಿ ಅಡುಗೆಮನೆಯಿಂದಲೇ, "ಕೊನೇ ಎಂಟು ತಿಂಗಳು ಉಗ್ರಾಣದಲ್ಲಿ ಮುರಿದ ಕುರ್ಚಿ ಎಣಿಸೋಕೆ ಹಾಕಿದ್ರು ಇವರನ್ನ. ಅದನ್ನೂ ಹೇಳಿ" ಅಂದರು.

"ಬಿಡೇ" ಅಂದರು ಅವರು.

ಬಟಾಣಿ ಮುಗಿಯುವ ತನಕ ಕುಳಿತಿದ್ದು ಬಂದೆ.

ಮಾರ್ಚ್ 25, ಮಂಗಳವಾರ

ಮೂವತ್ತನಾಲ್ಕು ಸಾಲು ಎಣಿಸಿ ಎಬ್ಬಿಸಿದೆ. ಏಳು ಸಲಕ್ಕೆ ಏಳೂ ಸರಿ.

ವರದಿ ಮೇಡಂ ಕೈಯಲ್ಲೂ ಮಾಡಿಸಿದೆ. "ಯಾಕೆ?" ಅಂತ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಹೇಳಲಾಗದ ಎರಡನ್ನು ಬರೆದುಕೊಂಡು ಹುಡುಕಿದೆವು. ಒಂದು ಕಡೆ ನಾನೇ ಎರಡು ಹೆಜ್ಜೆ ಅದಲುಬದಲು ಹೇಳಿದ್ದೆ, ಅವರು ಹಿಡಿದರು. ಒಳ್ಳೆಯ ಕಣ್ಣು.

ಈಗ ಕ್ರಮವನ್ನು ಬರೆಯುತ್ತಿದ್ದೇನೆ, ಹೊಸ ಕಟ್ಟಡದ ಗೋಡೆಗೆ ಅಂಟಿಸಲು. ಒಂದು ಕಡೆ ಏನು ಮಾಡಬೇಕು, ಪಕ್ಕದಲ್ಲಿ ಯಾಕೆ ಮಾಡಬೇಕು. ನಾಲ್ಕನೇ ಹೆಜ್ಜೆಯ ಪಕ್ಕದಲ್ಲಿ ಹೀಗೆ ಬರೆದೆ: "ಗಾಡಿಗಳು ಉತ್ತರಿಸುವ ಮುನ್ನ ಹಂಚಿಕೆಯನ್ನು ಎಬ್ಬಿಸಿದ್ದರಿಂದ ಎರಡು ವರ್ಷದ ಹಿಂದೆ ಹನ್ನೊಂದು ನಿಮಿಷ ಗಾಡಿಗಳು ತಪ್ಪಾಗಿ ಹೋದವು." ಎಬ್ಬಿಸಿದ್ದು ಯಾರು ಅಂತ ಬರೆಯುವ ಅಗತ್ಯ ಗೋಡೆಯ ಕಾಗದಕ್ಕಿಲ್ಲ.

ಮಾರ್ಚ್ 28, ಶುಕ್ರವಾರ

ಕಾಗದ ತೋರಿಸಲು ನಿರ್ದೇಶಕರ ಕೋಣೆಗೆ ಹೋಗಿದ್ದೆ. ಓದಿದರು, ಚೆನ್ನಾಗಿದೆ ಅಂದರು. ಆ ಭಾನುವಾರ ಇರಿ ಸಾರ್ ಅವರನ್ನೂ ಕರೆಯೋಣವೇ ಎಂದು ಕೇಳಿದೆ.

"ಅವರ ಸೇವಾ ದಾಖಲೇಲಿ ಕೆಟ್ಟ ಷರಾ ಇದೆಯಲ್ಲಮ್ಮ. ಹಿಂದೆ ಕ್ರಮ ತಪ್ಪಿಸಿದವರನ್ನೇ ಮತ್ತೆ ಕರೆದ್ರೆ ಮೇಲಿನವರು ಏನಂತಾರೆ?"

"ಆ ಷರಾ ತಪ್ಪು ಸಾರ್. ಅವತ್ತು ಅವರು ಬೇಡ ಅಂದಿದ್ರು. ಎಬ್ಬಿಸಿದ್ದು ನಾನು."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಮುಚ್ಚಳ ಇರಲಿಲ್ಲ, ಒಳಗೊಂದು ಇರುವೆ ಈಜುತ್ತಿತ್ತು. ಅದನ್ನೇ ನೋಡುತ್ತ ಕುಳಿತಿದ್ದೆ. ಬರವಣಿಗೆಯಲ್ಲಿ ಕೊಡುತ್ತೀರಾ ಅಂದರು. ಅಲ್ಲೇ ಕುಳಿತು ಬರೆದುಕೊಟ್ಟೆ. ಹದಿನಾಲ್ಕು ಸಾಲು. "ಸ್ಥಳಾಂತರ ಮುಗೀಲಿ, ಆಮೇಲೆ ನೋಡೋಣ. ಈಗ ನಿಮ್ಮನ್ನ ಬಿಟ್ರೆ ಯಾರೂ ಇಲ್ಲ" ಅಂದರು.

"ವರದಿ ಮೇಡಂ ಇದಾರೆ ಸಾರ್. ಅವರಿಗೂ ಬರುತ್ತೆ" ಅಂದೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. ಆಮೇಲೆ, "ನಾನು ಆವತ್ತು ಅವರ ಬಗ್ಗೆ ಎಂಥ ಮಾತಾಡಿಬಿಟ್ಟೆನಲ್ಲೇ" ಅಂದರು. ಬೇಸರ ನನ್ನ ಮೇಲೋ ತಮ್ಮ ಮೇಲೋ ತಿಳಿಯಲಿಲ್ಲ. ಊಟಕ್ಕೆ ಮಾತ್ರ ಅವರೇ ತಟ್ಟೆ ಹಾಕಿದರು. ಎರಡು ಸಲ ಬಡಿಸಿಕೊಂಡೆ.

ಏಪ್ರಿಲ್ 4, ಶುಕ್ರವಾರ

ಇರಿ ಸಾರ್‌ಗೆ ಫೋನ್ ಮಾಡಿದೆ. ನಿಮ್ಮನ್ನು ಕರೆಯಲು ನಿರ್ದೇಶಕರು ಕೊನೆಗೂ ಒಪ್ಪಿದ್ದಾರೆ, ಬನ್ನಿ ಅಂದೆ. ಬರುವುದಿಲ್ಲ ಅಂದರು. "ನಾನು ಬಂದ್ರೆ ನೀವು ನನ್ನ ಮುಖ ನೋಡ್ತೀರಿ, ಪರದೆ ನೋಡಲ್ಲ." ಬರೆದುಕೊಟ್ಟ ವಿಷಯವನ್ನೂ ಹೇಳಿದೆ. "ಹೂಂ" ಅಂದರು. ಫೋನ್ ಮಾತ್ರ ತಕ್ಷಣ ಇಡಲಿಲ್ಲ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಆರಕ್ಕೆ ಶುರು. ವರದಿ ಮಲಗಿತು, ಅದರ ಮೇಡಂ ಅದಕ್ಕೆ ಕೈಮುಗಿದು ಬೀಳ್ಕೊಟ್ಟರು. ಕರೆಯ ಪರದೆಗೆ ಹೊಸದನ್ನು ತೆಗೆದುಕೊಳ್ಳಬೇಡ ಅಂದೆ. ಕೈಯಲ್ಲಿ ಐದು ಕರೆ ಇದ್ದವು. ನಾಲ್ಕು ಮುಗಿದವು. ಐದನೆಯದು ಒಬ್ಬ ಗಂಡಸು, ಹೆಂಡತಿಗೆ ಹೆರಿಗೆ ನೋವು, ಗಾಡಿ ದಾರಿಯಲ್ಲಿದೆ, ನಮ್ಮ ಹುಡುಗಿ ಫೋನಿನಲ್ಲೇ ಏನು ಮಾಡಬೇಕೆಂದು ಹೇಳುತ್ತಿದ್ದಾಳೆ.

ಲಾರಿ ಬಂದು ನಿಂತಿತ್ತು. ಆರೂವರೆಯಾಯಿತು. ನಿರ್ದೇಶಕರು ನನ್ನ ಕುರ್ಚಿಯ ಹಿಂದೆ ಬಂದು, "ಆ ಒಂದು ಕರೇನ ಕಾಗದದ ಮೇಜಿಗೆ ಹಾಕಿಬಿಡಿ, ಹೊತ್ತಾಗ್ತಿದೆ" ಅಂದರು.

"ಇರಿ ಸಾರ್" ಅಂದೆ.

ರೇಡಿಯೋ ಫಕ್ಕನೆ ನಕ್ಕ. ಯಾಕೆ ನಕ್ಕನೋ. ಆರು ನಲವತ್ತೊಂದಕ್ಕೆ ಗಾಡಿ ಆ ಮನೆ ತಲುಪಿತು. ಆ ಗಂಡಸು ಥ್ಯಾಂಕ್ಸ್ ಹೇಳುವುದನ್ನೂ ಮರೆತು ಫೋನ್ ಇಟ್ಟ. ಪರದೆ ತಾನಾಗಿ ಮಲಗಿತು. ಆಮೇಲೆ ಹಂಚಿಕೆ, ಸಂದೇಶ, ನಕ್ಷೆ, ಡೇಟಾಬೇಸ್, ಸರಸರ.

ಹೊಸ ಕಟ್ಟಡದಲ್ಲಿ ಎಂಟೂಕಾಲಿಗೆ ಎಬ್ಬಿಸತೊಡಗಿದೆವು. ಸಂದೇಶ ಎದ್ದಿತು, ಹಸಿರಾಯಿತು. ಸಾಲುಗಳು ಬೀಳತೊಡಗಿದವು. ವರದಿ ಮೇಡಂ ಗಟ್ಟಿಯಾಗಿ ಎಣಿಸಿದರು. ಮೂವತ್ತೊಂದಕ್ಕೆ ನಿಂತುಹೋಯಿತು. ಐದು ನಿಮಿಷ. ಎಂಟು ನಿಮಿಷ. ಕಾಗದದ ಮೇಜಿನಿಂದ ಕೂಗಾಟ ಕೇಳಿಸುತ್ತಿತ್ತು. ನಿರ್ದೇಶಕರು ಈ ಸಲ ಕರವಸ್ತ್ರದಿಂದ ಕತ್ತು ಮಾತ್ರ ಒರೆಸಿಕೊಂಡರು.

ರೇಡಿಯೋ ಉತ್ತರ ಬಾರದ ಮೂವರು ಡ್ರೈವರುಗಳಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿದ. ಇಬ್ಬರು ಗಾಡಿಯೊಳಗಿನ ಸಂದೇಶದ ಯಂತ್ರವನ್ನು ಆರಿಸಿ ತಿಂಡಿಗೆ ಕುಳಿತಿದ್ದರು, ಎದ್ದು ಹಾಕಿದರು. ಮೂರನೆಯವನ ಯಂತ್ರವೇ ಕೆಟ್ಟಿತ್ತು. ಆ ಗಾಡಿಯನ್ನು ಪಟ್ಟಿಯಿಂದಲೇ ತೆಗೆದೆವು. ಮೂವತ್ತಮೂರಕ್ಕೆ ಮೂವತ್ತಮೂರು.

ಹಂಚಿಕೆಯನ್ನು ವರದಿ ಮೇಡಂ ಎಬ್ಬಿಸಿದರು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಅಂಗಳದಲ್ಲಿ ಇದ್ದ ಗಾಡಿಗಳು ಎರಡು, ಪರದೆಯಲ್ಲೂ ಎರಡು.

ಒಂಬತ್ತಕ್ಕೆ ನಾಲ್ಕು ನಿಮಿಷ ಇರುವಾಗ ಕರೆಯ ಪರದೆ ತೆರೆಯಿತು. ಮೊದಲ ಕರೆ ಬಂತು. ಎಲ್ಲರೂ ಆ ಮೇಜಿನ ಸುತ್ತ ಬಗ್ಗಿ ನಿಂತೆವು. ಯಾರೋ ತಾತ, ಇದು ಗ್ಯಾಸ್ ಕಚೇರಿಯೇ ಎಂದು ಕೇಳಿದರು. ಎರಡನೆಯದು ನಿಜವಾದದ್ದು, ಬೈಕಿನಿಂದ ಬಿದ್ದವರು. ಆರು ನಿಮಿಷಕ್ಕೆ ಗಾಡಿ ತಲುಪಿತು.

ಮನೆಗೆ ಬಂದು ಸ್ನಾನ ಮಾಡಿ ಮಲಗಿದವಳು ಸಂಜೆ ಎದ್ದೆ.

ಏಪ್ರಿಲ್ 17, ಗುರುವಾರ

ಆದೇಶ ಬಂತು. ಅವರ ಮೇಲಿನ ಷರಾ ತೆಗೆದಿದ್ದಾರೆ. ನನಗೆ ಲಿಖಿತ ಎಚ್ಚರಿಕೆ, ಒಂದು ವರ್ಷ ಸರ್ವರ್ ಕೆಲಸದಿಂದ ಹೊರಗೆ. ಕರೆ ತೆಗೆದುಕೊಳ್ಳುವ ಮೇಜಿನಲ್ಲಿ ಕೂರಬೇಕು, ರೇಡಿಯೋ ಕೈಕೆಳಗೆ. "ನನ್ನ ಮಾತು ಕೇಳೋ ಶಿಕ್ಷೆ ಅಂತ ನೇರವಾಗಿ ಬರೆಯೋಕೆ ಅವರಿಗೆ ಧೈರ್ಯ ಇರ್ಲಿಲ್ಲ ಮೇಡಂ" ಅಂದ ಅವನು.

ಆದೇಶದ ಪ್ರತಿಯನ್ನು ಎರಡನೇ ಮಹಡಿಗೆ ಒಯ್ದು ಕೊಟ್ಟೆ. ಇರಿ ಸಾರ್ ಎರಡು ಸಲ ಓದಿದರು. ಅವರ ಹೆಂಡತಿ ಅದನ್ನು ಕೈಯಿಂದ ಕಿತ್ತುಕೊಂಡು ಗಟ್ಟಿಯಾಗಿ ಇನ್ನೊಂದು ಸಲ ಓದಿದರು. ನನ್ನ ಎಚ್ಚರಿಕೆಯ ಸಾಲು ಬಂದಾಗ ದನಿ ತಗ್ಗಿಸಿದರು. ಕೂತ್ಕೊಳ್ಳಿ ಅಂದರು. ಕಾಫಿ ಕೊಟ್ಟರು. ಸಕ್ಕರೆ ಜಾಸ್ತಿಯಾಗಿತ್ತು, ಕುಡಿದೆ.

ಏಪ್ರಿಲ್ 30, ಬುಧವಾರ

ಇವತ್ತು ಮೂವತ್ತೆಂಟು ಕರೆ ತೆಗೆದುಕೊಂಡೆ. ಹೆಚ್ಚಿನವರು ವಿಳಾಸವನ್ನು ಅರ್ಧವೇ ಹೇಳುತ್ತಾರೆ. ಹೆದರಿದವರಿಗೆ ತಮ್ಮ ಮನೆ ನಂಬರೇ ಮರೆತುಹೋಗುತ್ತದೆ. "ಹತ್ತಿರ ಏನು ಕಾಣ್ತಿದೆ ಹೇಳಿ" ಅಂತ ಕೇಳಬೇಕು, ಆಗ ಹೇಳುತ್ತಾರೆ.

ಮೂರು ಗಂಟೆಗೆ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗಳು ಏನನ್ನೋ ನುಂಗಿಬಿಟ್ಟಿದ್ದಾಳೆ, ಉಸಿರು ಕಟ್ಟುತ್ತಿದೆ. ವಿಳಾಸ ಕೇಳುತ್ತಿರುವಾಗಲೇ ನನ್ನ ಪರದೆ ಕಪ್ಪಾಯಿತು. ಲೈನ್ ಮಾತ್ರ ಇತ್ತು. ಚೀಟಿ ಎಳೆದುಕೊಂಡು ಬರೆದೆ, ರೇಡಿಯೋ ಅದನ್ನು ಕಿತ್ತುಕೊಂಡು ಓಡಿದ. ಮಗುವನ್ನು ಬೋರಲು ಮಾಡಿ ಬೆನ್ನಿಗೆ ಹೇಗೆ ತಟ್ಟಬೇಕೆಂದು ಆ ತಾಯಿಗೆ ಹೇಳುತ್ತ ಹೋದೆ. ಐದು ಸಲ ತಟ್ಟಿ. ಇನ್ನೊಂದು ಸಲ. ಮತ್ತೆ. ಕೊನೆಗೆ ಅಳು ಕೇಳಿಸಿತು, ಮಗುವಿನದು. ಆಮೇಲೆ ತಾಯಿಯದು. ಗಾಡಿ ಬರುವ ತನಕ ಇಬ್ಬರ ಅಳುವನ್ನೂ ಕೇಳುತ್ತ ಕುಳಿತೆ.

ಫೋನ್ ಇಟ್ಟು ನೋಡಿದರೆ ಪರದೆ ಬಂದಿತ್ತು. ಗಾಡಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಕರೆಂಟಿನ ತೊಂದರೆಯಂತೆ, ಆರೂ ಬಿದ್ದಿದ್ದವಂತೆ. ವರದಿ ಮೇಡಂ ಗೋಡೆಯ ಕಾಗದ ನೋಡಿಕೊಂಡು ಹದಿನೇಳು ನಿಮಿಷದಲ್ಲಿ ಎಲ್ಲವನ್ನೂ ಎಬ್ಬಿಸಿದರಂತೆ. ನಾನು ಕುಳಿತಿದ್ದು ಪಕ್ಕದ ಕೋಣೆಯಲ್ಲೇ. ಯಾರೂ ನನ್ನನ್ನು ಕರೆಯಲಿಲ್ಲ. ಕರೆಯಲಿಲ್ಲ ಅನ್ನುವುದೂ ಈಗ, ಇದನ್ನು ಬರೆಯುವಾಗ ಹೊಳೆಯಿತು.

ಆ ಮಗು ನುಂಗಿದ್ದು ಅಂಗಿಯ ಗುಂಡಿ. ನೀಲಿ ಬಣ್ಣದ್ದಂತೆ.